ಕಾದ ಭೂಮಿಯ ವಿಷಯವನ್ನು ಎಳೆಯರಿಗೆ ಹೇಳುವ ಬಗೆ

ಹಿರಿಯರ ಸಂದೇಹಗಳಿಗೆ ಸಮಾಧಾನ ಹೇಳುವುದು ಅಷ್ಟೇನೂ ಕಷ್ಟವಲ್ಲ. ಅವರು ಅರ್ಧ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತಾರೆ. ಉಳಿದರ್ಧವನ್ನು ನಾವು ಹೇಳಿದರೆ ತೃಪ್ತರಾಗಿ ಎದ್ದುಹೋಗುತ್ತಾರೆ. ಮಕ್ಕಳ ಸಂಗತಿ ಹಾಗಲ್ಲ. ಬಾಲ್ಯದಿಂದಲೇ ಮಠದಲ್ಲಿ ಶಾಸ್ತ್ರಾಧ್ಯಯನ ಮಾಡಿ, ನಾಲ್ಕು ದಶಕಗಳನ್ನು ಪಾಠ ಪ್ರವಚನಗಳಲ್ಲಿ ಕಳೆದ ನಮಗೆ ಕಳೆದ ಬೇಸಿಗೆಯಲ್ಲಿ ಎಂಟು ವರ್ಷದ ಹೆಣ್ಣುಮಗುವೊಂದು ಈ ಮಾತನ್ನು ಚೆನ್ನಾಗಿ ಮನಗಾಣಿಸಿತು.

ಮಠದ ಮಕ್ಕಳ ಶಿಬಿರ ನಡೆದಿತ್ತು. ಬೆಳಿಗ್ಗೆ ಇಷ್ಟಲಿಂಗ ಪೂಜೆ, ವಚನ ಕಂಠಪಾಠ. ಮಧ್ಯಾಹ್ನ ಬೇರೆ ಬೇರೆ ವಿಷಯಗಳ ಪಾಠ. ಒಂದು ದಿನ ಉತ್ಸಾಹಿಯಾದ ತರುಣ ಶಿಕ್ಷಕರೊಬ್ಬರು ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಪಾಠ ಮಾಡಿದರು. ಅವರು ತಂದಿದ್ದ ಚಿತ್ರಪಟದಲ್ಲಿ ಭೂಮಿಗೆ ಕಣ್ಣು ಮೂಗು ಬರೆದು, ಬಾಯಲ್ಲಿ ಜ್ವರಮಾಪಕ ಇಟ್ಟಿದ್ದರು. ಪಕ್ಕದಲ್ಲಿ ಕಪ್ಪು ಹೊಗೆ ಉಗುಳುವ ಎತ್ತರದ ಚಿಮಣಿ, ಅದಕ್ಕೆ ಕೋರೆಹಲ್ಲುಗಳಿದ್ದವು. ಮಕ್ಕಳೆಲ್ಲ ಆ ರಾಕ್ಷಸನನ್ನು ನೋಡಿ ಕೂಗಾಡಿದರು. ಒಬ್ಬಳು ಮಾತ್ರ ಸುಮ್ಮನೆ ಕುಳಿತಿದ್ದಳು. ಸಂಜೆ ಸಾಮೂಹಿಕ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಅಜ್ಜಾರ, ನಮ್ಮಪ್ಪ ಮಾಡೋದು ಕೆಟ್ಟ ಕೆಲಸೇನ್ರಿ?" ಎಂದು ಕೇಳಿದಳು.

ವಿಚಾರಿಸಿದಾಗ ತಿಳಿಯಿತು: ಅವಳ ತಂದೆ ಶಾಖೋತ್ಪನ್ನ ವಿದ್ಯುತ್ ಕೇಂದ್ರವೊಂದರಲ್ಲಿ, ಕಲ್ಲಿದ್ದಲು ಉರಿಯುವ ಬಾಯ್ಲರಿನ ವಿಭಾಗದಲ್ಲಿ, ಪಾಳಿಯ ಕೆಲಸ ಮಾಡುವವರು. ಚಿತ್ರದಲ್ಲಿದ್ದ ಕೋರೆಹಲ್ಲಿನ ಚಿಮಣಿ ಅವಳು ದಿನವೂ ಮನೆಯಂಗಳದಿಂದ ಕಾಣುವ ಚಿಮಣಿಯೇ ಆಗಿತ್ತು.

ಆ ಕ್ಷಣದಲ್ಲಿ ನಾವು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ಸಂಕೋಚವಾಗುತ್ತದೆ. "ಅದೆಲ್ಲ ದೊಡ್ಡವರ ವಿಚಾರ ತಂಗಿ. ಎಲ್ಲವೂ ಶಿವನಿಚ್ಛೆ. ನೀನು ಹೋಗಿ ಪ್ರಸಾದ ಮಾಡು" ಎಂದು ತಲೆಸವರಿ ಕಳುಹಿಸಿಬಿಟ್ಟೆವು. ಮರುದಿನ ಅವಳು ಶಿಬಿರಕ್ಕೆ ಬರಲಿಲ್ಲ. ಮೂರನೆಯ ದಿನ ಅವಳ ತಂದೆ ಬಂದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಅವರ ಕಣ್ಣುಗಳು ಕೆಂಪಾಗಿದ್ದವು. "ಮಗಳು ಊಟಕ್ಕ ಬಾ ಅಂದ್ರ ನನ್ನ ಮುಖಾನ ನೋಡವಲ್ಲಳ್ರಿ ಅಜ್ಜಾರ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಒಂದು ದಿನ ಕೈ ಬಿಟ್ರ ದವಾಖಾನಿ ಒಳಗ ಲೈಟ್ ಇರೂದಿಲ್ರಿ. ಆದ್ರ ಹೊಗಿ ಅಂತೂ ಖರೇನ ಐತ್ರಿ" ಎಂದರು.

ಕಾಯಕದ ಮಹಿಮೆಯನ್ನು ಕುರಿತು ನೂರಾರು ಪ್ರವಚನಗಳನ್ನು ಮಾಡಿದ ನಮಗೆ ಈ ಪ್ರಾಮಾಣಿಕ ಕಾಯಕಜೀವಿಯ ಮುಂದೆ ಮಾತು ಹೊರಡಲಿಲ್ಲ. ಮಗುವಿಗೆ ಸುಳ್ಳು ಹೇಳುವಂತಿಲ್ಲ, ತಂದೆಯ ಕಾಯಕವನ್ನು ಅವಳ ಕಣ್ಣಲ್ಲಿ ಹೀನಗೊಳಿಸುವಂತೆಯೂ ಇಲ್ಲ. ಹೇಳುವುದಕ್ಕೆ ಮೊದಲು ತಿಳಿಯಬೇಕೆಂದು ನಿಶ್ಚಯಿಸಿ ಪುಸ್ತಕಗಳನ್ನು ತರಿಸಿ ಓದಿದೆವು. ವಿಜ್ಞಾನದ ಅಧ್ಯಾಪಕ ಮಿತ್ರರನ್ನು ಕೂರಿಸಿಕೊಂಡು ಕೇಳಿದೆವು. ಅನಂತರ ಮಕ್ಕಳೊಡನೆ ಕುಳಿತೆವು. ನಮ್ಮ ಓದುಗರ ಮನೆಗಳಲ್ಲಿಯೂ ಇಂತಹ ಪ್ರಶ್ನೆಗಳು ಏಳುತ್ತಿರುವುದರಿಂದ, ಅಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲನೆಯದಾಗಿ, ಭೂಮಿಗೆ ಜ್ವರ ಬಂದಿದೆ ಎಂಬ ಹೋಲಿಕೆ. ಶಾಲೆಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ನಮಗೆ ಇದು ಅಷ್ಟಾಗಿ ಸಮ್ಮತವಲ್ಲ. ಜ್ವರ ತಾನಾಗಿ ಬರುತ್ತದೆ, ಎರಡು ದಿನ ಮಲಗಿದರೆ ತಾನಾಗಿ ಇಳಿಯುತ್ತದೆ. ಅಥವಾ ಮನೆಯ ಹಿರಿಯರು ಹೋದಂತೆ ರೋಗಿ ಹೋಗಿಬಿಡುತ್ತಾನೆ. ಮಗುವಿನ ಮನಸ್ಸು ಇವೆರಡರಲ್ಲಿ ಒಂದನ್ನು ಹಿಡಿಯುತ್ತದೆ: ಉಪೇಕ್ಷೆ, ಇಲ್ಲವೇ ಭಯ. ಒಂದೇ ಒಂದು ಕಡೆ ಈ ಹೋಲಿಕೆ ಉಪಯುಕ್ತವೆಂದು ಒಪ್ಪಬೇಕು. ಕಲ್ಲಿದ್ದಲಿನ ಯಂತ್ರಯುಗ ಬೆಳೆಯುವುದಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಅಳತೆ ಆರಂಭವಾದಂದಿನಿಂದ ಅಷ್ಟು ಬಿಸಿಯಾದ ವರ್ಷ ಮತ್ತೊಂದಿರಲಿಲ್ಲ. ಒಂದೂವರೆ ಡಿಗ್ರಿ ಎಂದರೆ ಮಕ್ಕಳು ನಗುತ್ತಾರೆ. ಬೆಳಗಿನಿಂದ ಮಧ್ಯಾಹ್ನಕ್ಕೆ ನಮ್ಮ ಅಂಗಳದಲ್ಲೇ ಹತ್ತು ಹದಿನೈದು ಡಿಗ್ರಿ ಏರುತ್ತದೆಯಲ್ಲ ಎನ್ನುತ್ತಾರೆ. ಆಗ ಮಾತ್ರ, ನಿಮ್ಮ ಮೈ ಒಂದೂವರೆ ಡಿಗ್ರಿ ಏರಿದರೆ ಅದು ವೈದ್ಯರ ಅಳತೆಯಲ್ಲಿ 101 ದಾಟುತ್ತದೆ, ಆ ದಿನ ಶಾಲೆಗೆ ಹೋಗುವಿರಾ ಎಂದು ಕೇಳಬಹುದು.

ಜ್ವರಕ್ಕಿಂತ ಕೌದಿಯ ಹೋಲಿಕೆ ನಮಗೆ ಹೆಚ್ಚು ಒಪ್ಪಿಗೆಯಾಯಿತು. ನಮ್ಮ ಸೀಮೆಯ ಮನೆಗಳಲ್ಲಿ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಇರುತ್ತದೆ. ಕೌದಿಗೆ ಸ್ವಂತ ಶಾಖವಿಲ್ಲ. ನಮ್ಮ ಮೈಯ ಶಾಖವನ್ನೇ ಅದು ಹೊರಗೆ ಬೇಗ ಹೋಗಗೊಡುವುದಿಲ್ಲ. ಭೂಮಿಗೂ ಗಾಳಿಯ ಕೌದಿಯೊಂದಿದೆ. ಅದು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತೆಂದೂ, ಇರುವುದರಿಂದ 15 ಡಿಗ್ರಿಯ ಆಸುಪಾಸಿನಲ್ಲಿದೆಯೆಂದೂ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆದುದರಿಂದ ಮಕ್ಕಳಿಗೆ ಮೊದಲು ತಿಳಿಸಬೇಕಾದುದು ಕೌದಿ ಕೆಟ್ಟದ್ದಲ್ಲ ಎಂಬುದನ್ನು. ಅದು ನಮ್ಮನ್ನು ಬದುಕಿಸಿದೆ. ಚಂದ್ರನು ಸೂರ್ಯನಿಂದ ಹೆಚ್ಚುಕಡಿಮೆ ನಮ್ಮಷ್ಟೇ ದೂರದಲ್ಲಿದ್ದರೂ ಅವನಿಗೆ ಕೌದಿಯಿಲ್ಲ. ಅಲ್ಲಿನ ದೀರ್ಘವಾದ ಹಗಲಿನಲ್ಲಿ ನೆಲ ನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಅಷ್ಟೇ ದೀರ್ಘವಾದ ರಾತ್ರಿಯಲ್ಲಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿಳಿಯುತ್ತದೆ. ಶುಕ್ರಗ್ರಹದ್ದು ಇದಕ್ಕೆ ವಿಪರೀತವಾದ ಸ್ಥಿತಿ. ಬುಧನು ಸೂರ್ಯನಿಗೆ ಹೆಚ್ಚು ಸಮೀಪದಲ್ಲಿದ್ದರೂ ಶುಕ್ರನೇ ಅವನಿಗಿಂತ ಬಿಸಿ. ಏಕೆಂದರೆ ಅವನು ದಟ್ಟವಾದ ಇಂಗಾಲದ ಡೈಆಕ್ಸೈಡಿನ ಕೌದಿಯನ್ನು ಹೊದ್ದಿದ್ದಾನೆ. ಬೆಳಗಿನ ಜಾವದಲ್ಲಿ ಶುಕ್ರನು ಕಾಣುವ ದಿನಗಳಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆತಂದು ತೋರಿಸಿ ಈ ಮಾತು ಹೇಳಿದರೆ ಅವರು ಮರೆಯುವುದಿಲ್ಲ.

ರೈತರ ಮಕ್ಕಳಿಗಾದರೆ ಇದು ಇನ್ನೂ ಸುಲಭ. ಮಾಗಿಯ ಕಾಲದಲ್ಲಿ ಆಕಾಶ ನಿರ್ಮಲವಾಗಿದ್ದರೆ ರಾತ್ರಿ ಚಳಿ ಕೊರೆಯುತ್ತದೆ. ಮೋಡ ಮುಚ್ಚಿದ ರಾತ್ರಿ ಬೆಚ್ಚಗಿರುತ್ತದೆ. ಹೊಲ ಕಾಯಲು ಮಲಗಿದ ಯಾರನ್ನು ಕೇಳಿದರೂ ಹೇಳಿಯಾರು.

ಇಷ್ಟು ಹೇಳಿದ ಕೂಡಲೇ ಒಬ್ಬ ಹುಡುಗ ಎದ್ದುನಿಂತು, ಸೂರ್ಯನ ಬಿಸಿಲು ಕೌದಿಯನ್ನು ದಾಟಿ ಒಳಗೆ ಬರುವುದಾದರೆ ಅದೇ ದಾರಿಯಲ್ಲಿ ಹೊರಗೇಕೆ ಹೋಗುವುದಿಲ್ಲ ಎಂದು ಕೇಳಿದ. ವಿಷಯದ ಜೀವಾಳವೇ ಈ ಪ್ರಶ್ನೆ. ಅನೇಕ ಪದವೀಧರರಿಗೂ ಇದರ ಉತ್ತರ ತಿಳಿಯದೆಂಬುದನ್ನು ನಾವು ಪರೀಕ್ಷಿಸಿ ನೋಡಿದ್ದೇವೆ. ಮಠದ ಅಡುಗೆಮನೆಯಿಂದ ರೊಟ್ಟಿಯ ಹಂಚನ್ನು ತರಿಸಿದೆವು. ಒಲೆಯಿಂದ ಇಳಿಸಿದ ಹಂಚು ಬೆಳಕು ಬೀರುವುದಿಲ್ಲ. ಕತ್ತಲಲ್ಲಿಟ್ಟರೆ ಕಾಣುವುದೂ ಇಲ್ಲ. ಆದರೆ ಗೇಣುದೂರದಲ್ಲಿ ಅದರ ಪಕ್ಕಕ್ಕೆ ಅಂಗೈ ಹಿಡಿದರೆ ಶಾಖ ತಾಗುತ್ತದೆ. (ಹಂಚನ್ನು ಹಿರಿಯರೇ ಹಿಡಿಯಬೇಕು, ಮಕ್ಕಳು ದೂರದಿಂದಲೇ ಅಂಗೈ ಒಡ್ಡಬೇಕು.) ಅದು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು. ಸೂರ್ಯನು ಕಾಣುವ ಬೆಳಕನ್ನು ಕಳುಹಿಸುತ್ತಾನೆ, ಅದು ಗಾಳಿಯನ್ನು ದಾಟಿ ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲವು ಹಂಚಿನಂತೆ ಕಾಣದ ಬೆಳಕನ್ನು ಮೇಲಕ್ಕೆ ಬೀರುತ್ತದೆ. ಇಂಗಾಲದ ಡೈಆಕ್ಸೈಡು ಕಾಣುವ ಬೆಳಕಿಗೆ ದಾರಿ ಬಿಡುತ್ತದೆ, ಕಾಣದ ಬೆಳಕನ್ನು ಹಿಡಿದುಕೊಂಡು ಅದರಲ್ಲಿ ಒಂದಂಶವನ್ನು ಮತ್ತೆ ಕೆಳಕ್ಕೆ ಕಳುಹಿಸುತ್ತದೆ. ನಲವತ್ತು ಮಕ್ಕಳು ಸಾಲಾಗಿ ಬಂದು ಅಂಗೈ ಒಡ್ಡಿ ಹೋದರು. ನಾವು ಮಾಡಿದ ಯಾವ ಪ್ರವಚನಕ್ಕೂ ಅಷ್ಟು ಶ್ರದ್ಧೆಯ ಶ್ರೋತೃಗಳು ಸಿಕ್ಕಿದ್ದಿಲ್ಲ.

ಇದನ್ನು ಮೊದಲು ಕಂಡವರಲ್ಲಿ ಒಬ್ಬಾಕೆ ಗೃಹಿಣಿ ಎಂಬ ಸಂಗತಿಯನ್ನು ಹೆಣ್ಣುಮಕ್ಕಳಿಗೆ ಹೇಳಲೇಬೇಕು. ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಉಷ್ಣತಾಮಾಪಕಗಳನ್ನಿಟ್ಟು, ಬಿಸಿಲಿಗೆ ಒಡ್ಡಿ ನೋಡಿದಳು. ಇಂಗಾಲದ ಡೈಆಕ್ಸೈಡು ತುಂಬಿದ ಕೊಳವೆ ಉಳಿದವುಗಳಿಗಿಂತ ಹೆಚ್ಚು ಕಾಯಿತು, ಆರುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. ವಾತಾವರಣದಲ್ಲಿ ಈ ಅನಿಲ ಹೆಚ್ಚಾದರೆ ಭೂಮಿ ಬಿಸಿಯಾಗುವುದೆಂದು ಅವಳು ಅಂದೇ ಊಹಿಸಿದಳು. ಅದು 1856. ಆಕೆಯ ಪ್ರಬಂಧವನ್ನು ವಿದ್ವಾಂಸರ ಸಭೆಯಲ್ಲಿ ಓದಿದವರು ಆಕೆಯಲ್ಲ, ಒಬ್ಬ ಪುರುಷ ವಿಜ್ಞಾನಿ. ಮೂರು ವರ್ಷಗಳ ಅನಂತರ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಇನ್ನೂ ಸೂಕ್ಷ್ಮವಾದ ಉಪಕರಣಗಳಿಂದ ಇದರ ನಿಜವಾದ ಕಾರಣವನ್ನು ಸ್ಥಾಪಿಸಿದನು. ಕೀರ್ತಿ ಅವನಿಗೆ ಬಂದಿತು. ಫೂಟಳ ಹೆಸರು 2011ರವರೆಗೆ ಮರೆವಿನಲ್ಲೇ ಇತ್ತು. ಅನುಭವಮಂಟಪದಲ್ಲಿ ಶರಣೆಯರು ಕುಳಿತು ಮಾತಾಡಿದ ಪರಂಪರೆಯವರಾದ ನಾವು ಈ ಕಥೆಯನ್ನು ಸ್ವಲ್ಪ ಅಭಿಮಾನದಿಂದಲೂ, ನಮ್ಮ ಇಂದಿನ ಸಭೆಗಳ ವೇದಿಕೆಗಳನ್ನು ನೆನೆದು ಸ್ವಲ್ಪ ನಾಚಿಕೆಯಿಂದಲೂ ಹೇಳಬೇಕಾಗುತ್ತದೆ.

ಹಾಗಾದರೆ ಕೌದಿ ದಪ್ಪವಾದುದೇಕೆ? ಇದಕ್ಕೆ ನಮ್ಮ ಹಗೇವು ಸಹಾಯಕ್ಕೆ ಬಂದಿತು. ಇಂದಿನ ಮಕ್ಕಳಲ್ಲಿ ಹಗೇವನ್ನು ಕಂಡವರು ಕಡಿಮೆ. ನೆಲದೊಳಗೆ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಬರಗಾಲಕ್ಕೆಂದು ಕಾಯ್ದಿಡುತ್ತಿದ್ದ ಕಣಜವದು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ಕಾಯುತ್ತಿದ್ದರು. ಅವಸರಪಟ್ಟು ಇಳಿದು ಪ್ರಾಣ ಕಳೆದುಕೊಂಡವರ ಕಥೆಗಳನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಮುಚ್ಚಿಟ್ಟ ಕಾಳು ಉಸಿರಾಡಿ ಬಿಟ್ಟ ಆ ಗಾಳಿಯಲ್ಲಿ ತುಂಬಿರುವುದು ಇದೇ ಇಂಗಾಲದ ಡೈಆಕ್ಸೈಡು.

ಕಲ್ಲಿದ್ದಲು ಭೂಮಿಯ ಹಗೇವು. ನಮ್ಮ ದೇಶದ ಕಲ್ಲಿದ್ದಲಿನ ಬಹುಭಾಗವು ಇಪ್ಪತ್ತೈದು ಮೂವತ್ತು ಕೋಟಿ ವರ್ಷಗಳ ಹಿಂದೆ ಬೆಳೆದು ಬಿದ್ದು ಹೂತುಹೋದ ಕಾಡುಗಳಿಂದ ಆದುದು. ಆ ಗಿಡಮರಗಳು ಗಾಳಿಯಿಂದ ಇಂಗಾಲವನ್ನು ಹೀರಿ ಮೈಯಲ್ಲಿಟ್ಟುಕೊಂಡು ನೆಲ ಸೇರಿದವು. ಆ ಹಗೇವಿನ ಬಾಯಿಯನ್ನು ಮನುಷ್ಯನು ಇನ್ನೂರೈವತ್ತು ವರ್ಷಗಳ ಹಿಂದೆ ದೊಡ್ಡದಾಗಿ ತೆರೆದನು. ದೀಪ ಇಳಿಬಿಟ್ಟು ನೋಡಲಿಲ್ಲ. ಅಂದು ಗಾಳಿಯ ಹತ್ತು ಸಾವಿರ ಕಾಳುಗಳಲ್ಲಿ ಮೂರಕ್ಕೂ ಕಡಿಮೆಯಿದ್ದ ಈ ಅನಿಲದ ಕಾಳುಗಳು ಇಂದು ನಾಲ್ಕನ್ನು ದಾಟಿವೆ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಿಂದ ಇದರ ಲೆಕ್ಕ ಇಡಲಾಗುತ್ತಿದೆ. ದಶಲಕ್ಷದಲ್ಲಿ 315 ಭಾಗದಷ್ಟಿದ್ದದ್ದು 420ನ್ನು ಮೀರಿದೆ.

ಹತ್ತು ಸಾವಿರದಲ್ಲಿ ನಾಲ್ಕು ಕಾಳು ಏನು ಮಾಡೀತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದು ಬಕೆಟ್ ನೀರಿಗೆ ನಮ್ಮ ಧೋತರಕ್ಕೆ ಹಾಕುವ ನೀಲಿಯ ನಾಲ್ಕೇ ಹನಿ ಬಿಟ್ಟು ತೋರಿಸಿದೆವು. ನೀರೆಲ್ಲ ನೀಲಿಯಾಯಿತು, ಪ್ರಶ್ನೆ ಮುಗಿಯಿತು.

ಇನ್ನು ಮರ ನೆಡುವ ಮಾತು. ಮಕ್ಕಳ ಯಾವ ಪರಿಸರ ಪಾಠವೂ ಸಸಿ ನೆಡದೆ ಮುಗಿಯುವುದಿಲ್ಲ. ನೆಡಲಿ, ನೆರಳು, ಹಣ್ಣು, ಹಕ್ಕಿ, ಎಲ್ಲವೂ ಬೇಕು. ಆದರೆ ಕೋಟಿ ಕೋಟಿ ವರ್ಷಗಳ ಕಾಡುಗಳನ್ನು ಕೆಲವೇ ತಲೆಮಾರುಗಳಲ್ಲಿ ಸುಟ್ಟು, ನಾಲ್ಕು ಸಸಿ ನೆಟ್ಟು ಸಾಲ ತೀರಿತೆಂದು ಹೇಳಿದರೆ ಅದು ಮಕ್ಕಳಿಗೆ ತಪ್ಪು ಲೆಕ್ಕ ಕಲಿಸಿದಂತೆ. ಹಾಗೆಯೇ ಓಜೋನ್ ಪದರದ ರಂಧ್ರವನ್ನೂ ಪ್ಲಾಸ್ಟಿಕ್ಕನ್ನೂ ಇದರೊಡನೆ ಬೆರೆಸಿ ಹೇಳುವವರಿದ್ದಾರೆ. ಅವು ಬೇರೆ ಬೇರೆ ಸಮಸ್ಯೆಗಳು. ಓಜೋನಿನದು ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ಕೆಲವು ರಾಸಾಯನಿಕಗಳಿಂದ ಆದ ಹಾನಿ. 1987ರ ಮಾಂಟ್ರಿಯಲ್ ಒಪ್ಪಂದದ ಅನಂತರ ದೇಶಗಳೆಲ್ಲ ಅವುಗಳನ್ನು ಬಿಡುತ್ತ ಬಂದುದರಿಂದ ಆ ಪದರವು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಹೆದರಿದ ಮಕ್ಕಳಿಗೆ ಇದನ್ನು ಅವಶ್ಯವಾಗಿ ಹೇಳಬೇಕು. ಲೋಕದ ಜನ ಒಮ್ಮೆ ಕೂಡಿ ಒಂದು ತಪ್ಪನ್ನು ತಿದ್ದಿಕೊಂಡದ್ದುಂಟು ಎಂಬುದು ಬರಿಯ ಸಮಾಧಾನದ ಮಾತಲ್ಲ, ನಡೆದ ಸಂಗತಿ.

ಭಯದ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಏಳೆಂಟು ವರ್ಷದ ಒಳಗಿನ ಮಕ್ಕಳಿಗೆ ಮುಳುಗುವ ನಗರಗಳನ್ನು, ಸಾಯುವ ಪ್ರಾಣಿಗಳನ್ನು ತೋರಿಸಬಾರದು. ಪ್ರಳಯದ ಮಾತನ್ನಂತೂ ಎತ್ತಲೇಬಾರದು. 2021ರಲ್ಲಿ ಭಾರತವೂ ಸೇರಿದಂತೆ ಹತ್ತು ದೇಶಗಳ ಹತ್ತು ಸಾವಿರ ಯುವಜನರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಈ ವಿಷಯದಲ್ಲಿ ತಮಗೆ ತೀವ್ರ ಚಿಂತೆಯಿದೆಯೆಂದು ಹೇಳಿದರು. ಅವರು ಹದಿನಾರು ದಾಟಿದವರು. ಎಳೆಯರ ಹೆಗಲಿಗೆ ಆ ಭಾರವನ್ನು ಹೊರಿಸುವುದು ಯಾವ ನ್ಯಾಯ? ತಿಳಿವಳಿಕೆ ಬಂದ ಮಕ್ಕಳಿಗೆ ನಮ್ಮ ನಾಡಿನದನ್ನೇ ಹೇಳಬಹುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಅದರಿಂದ ಮಳೆ ಬಂದಾಗ ಒಮ್ಮೆಲೇ ಸುರಿಯುವುದೂ, ಬಾರದಿದ್ದಾಗ ನೆಲ ಬೇಗ ಒಣಗುವುದೂ ಹೆಚ್ಚುತ್ತದೆ. 2019ರಲ್ಲಿ ಕೃಷ್ಣೆ ಮಲಪ್ರಭೆಯರ ಮಹಾಪೂರವನ್ನು ಕಂಡ ಮಕ್ಕಳೇ 2023ರಲ್ಲಿ ಬರವನ್ನೂ ಕಂಡರು. ಒಂದೊಂದು ನೆರೆ, ಒಂದೊಂದು ಬರಕ್ಕೆ ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾಗದು. ಆದರೆ ಪಗಡೆಯ ದಾಳ ಒಂದು ಕಡೆಗೆ ವಾಲಿದೆ ಎಂದು ಹೇಳಬಹುದು.

ಇಲ್ಲಿ ನಮ್ಮವರಲ್ಲಿ ಕೆಲವರಿಗೆ ರುಚಿಸದ ಮಾತೊಂದನ್ನು ಹೇಳಬೇಕಾಗಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಇದನ್ನೆಲ್ಲ ಕಂಡಿದ್ದರೆಂದು ಸಭೆಗಳಲ್ಲಿ ಹೇಳುವುದುಂಟು. ಕಂಡಿರಲಿಲ್ಲ. ಅಂದು ಈ ಸಮಸ್ಯೆಯೇ ಇರಲಿಲ್ಲ. ಇಲ್ಲದ ಹಿರಿಮೆಯನ್ನು ಹೊರಿಸಿದರೆ ಶರಣರ ಇರುವ ಹಿರಿಮೆಗೆ ಕುಂದು ಬರುತ್ತದೆ. ಅವರ ಬಾಳಿನಿಂದ ನಮಗೆ ದೊರೆಯುವುದು ನಡೆಯ ಮೇಲ್ಪಂಕ್ತಿ. ಆಯ್ದಕ್ಕಿ ಮಾರಯ್ಯ ಒಂದು ದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮ ಹೆಚ್ಚಿನದನ್ನು ಒಪ್ಪದೆ ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೆಲ್ಲ ಗೊತ್ತು. ಅಷ್ಟನ್ನು ಹೇಳಿ ಸುಮ್ಮನಾದರೆ ಸಾಕು. ಮಕ್ಕಳು ತಾವೇ ಮುಂದುವರಿಸುತ್ತಾರೆ. ಇತ್ತೀಚಿನ ಕಾಲದಲ್ಲಿ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು 2011ರಲ್ಲಿ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿ ಹೋಗುವುದನ್ನು ವಿರೋಧಿಸಿ ಬೀದಿಗಿಳಿದದ್ದನ್ನೂ, ಕಪ್ಪತಗುಡ್ಡದ ಉಳಿವಿಗಾಗಿ ದುಡಿದದ್ದನ್ನೂ ಹೇಳಬಹುದು. ಅವರು ಲಿಂಗೈಕ್ಯರಾದ ಮರುವರ್ಷ, 2019ರಲ್ಲಿ, ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು.

ಈಗ ಆ ಬಾಲಕಿಯ ಪ್ರಶ್ನೆ. ತಂದೆಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡೇ ಅವಳೊಡನೆ ಮಾತಾಡಿದೆವು. ಮೊದಲು, ಅಂದು ನಾವು ಹೇಳಿದ್ದು ಸರಿಯಾದ ಉತ್ತರವಾಗಿರಲಿಲ್ಲ ಎಂದು ಒಪ್ಪಿಕೊಂಡೆವು. ಅವಳಿಗೆ ಆಶ್ಚರ್ಯವಾಯಿತು. ನಿನ್ನ ತಂದೆಯ ಕೆಲಸದಿಂದ ಆಸ್ಪತ್ರೆಯಲ್ಲಿ ದೀಪ ಉರಿಯುತ್ತದೆ, ಹೊಲದ ಪಂಪು ತಿರುಗುತ್ತದೆ, ಪ್ರಾರ್ಥನೆಗೆ ಈ ಮಠದ ಧ್ವನಿವರ್ಧಕವೂ ನಡೆಯುತ್ತದೆ ಎಂದೆವು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋ ಕಲ್ಲಿದ್ದಲು ಉರಿಯುತ್ತದೆ ಎಂದು ಅವಳ ತಂದೆಯೇ ಹೇಳಿದರು. ಹಾಗಾದರೆ ಆ ಹೊಗೆಯಲ್ಲಿ ಅವರ ಪಾಲಿನಷ್ಟೇ ನಮ್ಮ ಪಾಲೂ ಇದೆ. ಜಾತ್ರೆಯಲ್ಲಿ ಗೋಪುರದಿಂದ ರಥಬೀದಿಯ ತುದಿಯವರೆಗೆ ದೀಪದ ಸರಗಳನ್ನು ಹಾಕಿಸಿದವರು ನಾವೇ. ದೂರದೇಶಗಳವರ ಪಾಲು ಇನ್ನೂ ದೊಡ್ಡದು: ಒಬ್ಬ ಅಮೆರಿಕನ್ನನ ಲೆಕ್ಕಕ್ಕೆ ಬರುವ ಇಂಗಾಲದ ಡೈಆಕ್ಸೈಡು ಒಬ್ಬ ಭಾರತೀಯನದಕ್ಕಿಂತ ಸುಮಾರು ಏಳು ಪಟ್ಟು. (ಅಲ್ಲಿ ನೆಲೆಸಿರುವ ನಮ್ಮ ಬಂಧುಗಳು ರಜೆಗೆ ಬಂದ ಮೊಮ್ಮಕ್ಕಳ ಮುಂದೆ ಈ ಅಂಕಿಯನ್ನು ಮರೆಮಾಚಬೇಕಾಗಿಲ್ಲ.)

"ಮತ್ತ ಬಂದ್ ಮಾಡಬಾರದೇನ್ರಿ?" ಎಂದಳು ಮಗು. ಒಂದೇ ದಿನದಲ್ಲಿ ಆಗದು. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಆದರೆ ಆಗಬೇಕು, ಆಗುತ್ತಲೂ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮಳೆ ಕಾಣದ ಬರದ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು, 2050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವನ್ನು ಕಟ್ಟಿದ್ದಾರೆ. ಅಲ್ಲಿ ಚಿಮಣಿಯಿಲ್ಲ. ಅಲ್ಲಿಯೂ ತಂತಿ ಜೋಡಿಸುವ, ಫಲಕ ಒರೆಸುವ, ಯಂತ್ರ ಕಾಯುವ ಕಾಯಕಗಳಿವೆ. ಕಲ್ಲಿದ್ದಲಿನಲ್ಲಿ ದುಡಿದವರನ್ನು ನಡುನೀರಿನಲ್ಲಿ ಬಿಡದೆ ಆ ಹೊಸ ಕಾಯಕಕ್ಕೆ ಕರೆದೊಯ್ಯುವುದು ಸರಕಾರದ ಹೊಣೆಯೆಂದೂ ನಾವು ಅವಳ ತಂದೆಗೆ ಹೇಳಿದೆವು. ಅವರು ತಲೆಯಾಡಿಸಿದರು, ನಂಬಿದರೋ ಇಲ್ಲವೋ ತಿಳಿಯದು.

ಶಿಬಿರದ ಕೊನೆಯ ದಿನ ಅವರು ಕರವಸ್ತ್ರದಲ್ಲಿ ಒಂದು ಹೆಂಟೆ ಕಲ್ಲಿದ್ದಲನ್ನು ಕಟ್ಟಿಕೊಂಡು ಬಂದರು. ಮಗಳೇ ಅದನ್ನು ಎತ್ತಿ ಹಿಡಿದು, "ಇದು ಮೊದಲ ಗಿಡ ಇತ್ತು" ಎಂದು ಎಲ್ಲರಿಗೂ ತೋರಿಸಿದಳು. ಕೈಯಿಂದ ಕೈಗೆ ಅದು ಹೋಯಿತು. ಒಬ್ಬ ಹುಡುಗ, ಇದನ್ನು ಸುಟ್ಟ ಬೂದಿ ವಿಭೂತಿಯಾಗುತ್ತದೆಯೇ ಎಂದು ಕೇಳಿದ. ಇಲ್ಲ, ಅದು ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ ಎಂದು ಅವಳ ತಂದೆ ವಿವರಿಸಿದರು. ಅರ್ಧ ಗಂಟೆ ಅವರೇ ಮಾತಾಡಿದರು. ನಾವು ಹಿಂದೆ ಕುಳಿತು ಕೇಳಿದೆವು. ಪ್ರಸಾದದ ಗಂಟೆ ಬಾರಿಸಿದಾಗ ಮಕ್ಕಳ ಕೈಗಳೆಲ್ಲ ಕಪ್ಪಾಗಿದ್ದವು. ಅವರನ್ನು ಸಾಲುಗಟ್ಟಿಸಿ ನಳದ ಬಳಿ ಕೈತೊಳೆಸಿ ಒಳಗೆ ಕರೆದುಕೊಂಡು ಬರುವಷ್ಟರಲ್ಲಿ ಅವಳು ತಂದೆಯ ಪಕ್ಕದಲ್ಲಿ ಪಂಕ್ತಿಗೆ ಕುಳಿತಿದ್ದಳು.